ಅಪ್ಪಯ್ಯನ ಕುರ್ಚಿ, ಸುಬ್ಬಿಯ ಉಗುರು

ನಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತು ಎಂದು ಏನಾದರೂ ಇದ್ದರೆ ಅದು ಅಪ್ಪಯ್ಯನ ಆರಾಮಕುರ್ಚಿ. ಬೀಟೆ ಮರದ್ದು. ಕೈಗಳು ಎಷ್ಟು ಉದ್ದವೆಂದರೆ, ಅವುಗಳ ಮೇಲೆ ಎರಡೂ ಕಾಲು ಚಾಚಿ ಮಲಗಬಹುದು. ಬೆನ್ನಿಗೂ ಕೂರುವ ಜಾಗಕ್ಕೂ ಬೆತ್ತದ ಹೆಣಿಗೆ. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಮನೆಯ ಜಗಲಿಯ ಮೇಲೆ ಅದು ಇರುತ್ತಿತ್ತು. ಅಪ್ಪಯ್ಯ ಇಲ್ಲದಾಗಲೂ ಅದರಲ್ಲಿ ಬೇರೆಯವರು ಕೂರುತ್ತಿರಲಿಲ್ಲ. ಕೂರಬಾರದೆಂದು ಅವರೇನೂ ಹೇಳಿದ್ದಿಲ್ಲ. ಹೇಳದೆಯೇ ಹಾಗೆ ಆಗಿತ್ತು. 1997ರಲ್ಲಿ ಅವರು ತೀರಿಕೊಂಡ ಮೇಲೆ ಪಾಲುಪಟ್ಟಿಯಲ್ಲಿ ತೋಟ, ಗದ್ದೆ, ಹಂಡೆ, ಕಡಾಯಿ ಎಲ್ಲದರ ಲೆಕ್ಕವಾಯಿತು. ಕುರ್ಚಿಯ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಅಕ್ಕನೇ, "ಅದು ನೀನು ತಗೊಂಡು ಹೋಗು, ಓದುವವನು ನೀನು" ಎಂದಳು. ಲಾರಿಯಲ್ಲಿ ಹುಲ್ಲು ಹಾಸಿ ಅದನ್ನು ಶಿವಮೊಗ್ಗಕ್ಕೆ ತಂದೆ. ತಂದ ಮೇಲೂ ಅದರಲ್ಲಿ ಕೂರಲು ನನಗೆ ಒಂದು ವರ್ಷ ಬೇಕಾಯಿತು.

ಸುಬ್ಬಿ ಬಂದದ್ದು 2021ರ ಮಳೆಗಾಲದಲ್ಲಿ. ಸ್ಕೂಟರ್ ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ, ಹಳೆಯ ಟಯರಿನೊಳಗೆ, ನೆಂದ ಬತ್ತಿಯಂತೆ ಬಿದ್ದುಕೊಂಡಿತ್ತು. ಒಳಗೆ ತರಬೇಡ ಎಂದು ನಾನು ಹೇಳುವಷ್ಟರಲ್ಲಿ ಇವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ನಾನು ಒಪ್ಪಿದ್ದಕ್ಕೆ ಕರುಣೆ ಕಾರಣವಲ್ಲ. ಅಕ್ಕಿ ಇಡುವ ಕೋಣೆಯಲ್ಲಿ ಇಲಿಗಳ ಕಾಟ ಹೇಳತೀರದಷ್ಟಾಗಿತ್ತು. ಗ್ರಂಥಗಳ ಕಪಾಟಿನ ತನಕ ಬಂದಿದ್ದವು. "ಇರಲಿ, ಇಲಿಗಾದರೂ ಆದೀತು" ಎಂದೆ. ಬೆಕ್ಕು ಮನುಷ್ಯನ ಮನೆ ಹೊಕ್ಕ ಇತಿಹಾಸವೂ ಹೆಚ್ಚುಕಡಿಮೆ ಇಷ್ಟೇ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಧಾನ್ಯ ಕೂಡಿಡಲು ಕಲಿತ ಜನರ ಕಣಜಗಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಮಲಗಿಸಿದ್ದು ಸಿಕ್ಕಿದೆಯಂತೆ. ನಾಯಿಯ ಹಾಗೆ ನಾವು ಕರೆದು, ಕಟ್ಟಿ, ಪಳಗಿಸಿದ ಪ್ರಾಣಿಯಲ್ಲ ಇದು. ತನ್ನ ಕೆಲಸದ ಮೇಲೆ ಬಂದು, ಅನುಕೂಲ ನೋಡಿ ಉಳಿದುಕೊಂಡದ್ದು.

ಆರು ತಿಂಗಳಲ್ಲಿ ಇಲಿಗಳು ಕಾಣದಾದವು. ಏಳನೆಯ ತಿಂಗಳಿಗೆ ಸುಬ್ಬಿ ಕುರ್ಚಿಗೆ ಕೈ ಹಾಕಿದಳು.

ಮೊದಲು ಹಿಂಗಾಲಿನ ಮರ. ನಿದ್ದೆಯಿಂದ ಎದ್ದವಳೇ ಬೆನ್ನು ಕಮಾನಿನಂತೆ ಮಾಡಿ, ಮುಂಗಾಲು ಎತ್ತರಕ್ಕೆ ಚಾಚಿ, ಕರ್ ಕರ್ ಎಂದು ಎಳೆಯುವುದು. ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಕಾಣುವ ಸುಖವನ್ನು ನೋಡಿದರೆ ಸಿಟ್ಟು ಇಮ್ಮಡಿಯಾಗುತ್ತಿತ್ತು. ಪತ್ರಿಕೆ ಸುರುಳಿ ಸುತ್ತಿ ಹೊಡೆದೆ. ನೀರು ಎರಚಿದೆ. ಗದರಿದೆ. ಒಂದು ವಾರದಲ್ಲಿ ಅವಳು ಪಾಠ ಕಲಿತಳು: ನಾನು ಕೋಣೆಯಲ್ಲಿ ಇರುವಾಗ ಕುರ್ಚಿಯ ಹತ್ತಿರ ಹೋಗಬಾರದು. ನಾನು ಕಲಿಸಲು ಹೊರಟ ಪಾಠ ಅದಾಗಿರಲಿಲ್ಲ. ಮೇಷ್ಟ್ರಾಗಿ ಮೂವತ್ತು ವರ್ಷ ದುಡಿದವನಿಗೆ ಇದು ಹೊಸ ಅನುಭವವೇನೂ ಅಲ್ಲ ಬಿಡಿ.

ಒಂದು ದಿನ ಪೇಟೆಯಿಂದ ಬಂದು ನೋಡುತ್ತೇನೆ, ಕೂರುವ ಜಾಗದ ಬೆತ್ತ ಎರಡು ಕಡೆ ಹರಿದು ಜೋತಾಡುತ್ತಿದೆ. ಅಪ್ಪಯ್ಯನ ಬೆನ್ನು ತಾಗಿ ತಾಗಿ ಜೇನಿನ ಬಣ್ಣಕ್ಕೆ ತಿರುಗಿದ್ದ ಬೆತ್ತದಲ್ಲೂ ಗೀರುಗಳು. ನನಗೆ ಮೈಯೆಲ್ಲ ಉರಿದುಹೋಯಿತು.

ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಎದುರುಮನೆಯವರು, "ಒಂದು ಗೋಣಿಚೀಲಕ್ಕೆ ಹಾಕಿ ಹೊಳೆ ಆಚೆ ಬಿಟ್ಟುಬನ್ನಿ ಸಾರ್, ನೀರು ದಾಟಿದ್ರೆ ವಾಪಸ್ ಬರಲ್ಲ" ಎಂದರು. ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ, ಅಲ್ಲಿ ಹಿಂದೆ ಬಾಡಿಗೆಮನೆ ಕೊಡುವವರೇ ಕೆಲವರು ಬೆಕ್ಕಿನ ಉಗುರು ತೆಗೆಸಿಕೊಂಡು ಬನ್ನಿ ಎನ್ನುತ್ತಿದ್ದರೆಂದು ಹೇಳಿದಳು. "ಈಗ ನಮ್ಮ ನ್ಯೂಯಾರ್ಕ್ ರಾಜ್ಯದಲ್ಲಿ ಅದಕ್ಕೆ ಅವಕಾಶ ಇಲ್ಲಪ್ಪ, 2019ರಲ್ಲೇ ಕಾನೂನು ಬಂತು" ಎಂದೂ ಸೇರಿಸಿದಳು. ನನ್ನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ. ಉಗುರು ತಾನೆ? ನಾವು ವಾರಕ್ಕೊಮ್ಮೆ ತೆಗೆದುಕೊಳ್ಳುವುದಿಲ್ಲವೆ?

ಪಶುವೈದ್ಯರ ಬಳಿ ಹೋಗಿ ಕೇಳಿದೆ. ಅವರು ನನ್ನ ಮಗನ ವಯಸ್ಸಿನವರು. ಉತ್ತರ ಹೇಳುವ ಬದಲು ನನ್ನ ತೋರುಬೆರಳನ್ನು ಹಿಡಿದು, ತುದಿಯ ಗೆಣ್ಣನ್ನು ಮುಟ್ಟಿ ತೋರಿಸಿದರು. "ಇಲ್ಲಿಗೆ ಕತ್ತರಿಸಬೇಕಾಗುತ್ತೆ ಸಾರ್" ಎಂದರು. ಬೆಕ್ಕಿನ ಉಗುರು ಬೆಳೆಯುವುದು ಬೆರಳಿನ ಕೊನೆಯ ಮೂಳೆಯಿಂದ. ಮತ್ತೆ ಬೆಳೆಯದಂತೆ ತೆಗೆಯುವುದೆಂದರೆ ಆ ಮೂಳೆಯನ್ನೇ ತೆಗೆಯುವುದು. ಮುಂಗಾಲಿಗೆ ಐದರಂತೆ ಹತ್ತು ಬೆರಳು, ಹತ್ತು ತುಂಡು. ಬೆಕ್ಕು ನಡೆಯುವುದೇ ಬೆರಳುಗಳ ಮೇಲೆ. "ನಾನು ಮಾಡೋದಿಲ್ಲ" ಎಂದು, ನನಗೆ ನಾಚಿಕೆಯಾಗದಿರಲೆಂದೋ ಏನೋ, ಕೂಡಲೇ ಬೇರೆ ಮಾತು ತೆಗೆದರು. ಅದು ಪರಚುವುದು ಹಟಕ್ಕಲ್ಲ. ಉಗುರಿನ ಹೊರಪದರ ಹಳತಾದಾಗ ಹಾವಿನ ಪೊರೆಯಂತೆ ಕಳಚಬೇಕು. ಭುಜ, ಬೆನ್ನುಗಳ ಸ್ನಾಯು ಸಡಿಲವಾಗಬೇಕು. ಪಂಜದ ಅಡಿಯ ಗ್ರಂಥಿಗಳಿಂದ ತನ್ನ ವಾಸನೆಯನ್ನೂ ಅಲ್ಲಿ ಬಿಡಬೇಕು. ಕುರ್ಚಿಯ ಕೆಳಗೆ ಗುಡಿಸುವಾಗ ಇವಳಿಗೆ ಬಾಲಚಂದ್ರನ ಚೂರಿನಂಥ ಸಿಪ್ಪೆಗಳು ಸಿಗುತ್ತಿದ್ದವು. ಉಗುರು ಮುರಿದಿದೆಯೆಂದು ಮರುಗುತ್ತಿದ್ದಳು. ಅವು ಪೊರೆಗಳು ಎಂದು ಗೊತ್ತಾದದ್ದು ಆಗ. "ಅದು ನಿಮ್ಮ ವಾಸನೆ ಹೆಚ್ಚಾಗಿರೋ ಕಡೆಯೇ ತನ್ನ ವಾಸನೇನೂ ಸೇರಿಸಿದರೆ ಆಶ್ಚರ್ಯ ಇಲ್ಲ" ಎಂದರು ವೈದ್ಯರು.

ಮನೆಗೆ ಬರುತ್ತ ದಾರಿಯುದ್ದಕ್ಕೂ ಒಂದು ಪ್ರಶ್ನೆ ಕಾಡಿತು. ಈ ಪ್ರಾಣಿಯನ್ನು ನಾನು ಒಳಗೆ ಬಿಟ್ಟುಕೊಂಡದ್ದೇ ಅದರ ಉಗುರಿಗಾಗಿ. ಅಕ್ಕಿ ಕೋಣೆಯಲ್ಲಿ ಉಗುರು ಬೇಕು, ಜಗಲಿಕೋಣೆಯಲ್ಲಿ ಬೇಡ. ಇಲಿಯ ಮೈಮೇಲೆ ಹರಿತವಾಗಿರಬೇಕು, ಬೆತ್ತದ ಮೇಲೆ ಇರಲೇಬಾರದು. ಕಾಲೇಜಿನಲ್ಲಿ ನನಗೆ ಚುರುಕು ನಾಲಗೆಯ ಶಿಷ್ಯರೆಂದರೆ ಬಹಳ ಪ್ರೀತಿ. ಅವರು ಬೇರೆ ಮೇಷ್ಟ್ರ ಮಾತನ್ನು ಕತ್ತರಿಸುತ್ತಿದ್ದಷ್ಟು ದಿನ. ಒಂದು ಗುಣವನ್ನು ನಮ್ಮ ಉಪಯೋಗಕ್ಕೆ ಕರೆದುಕೊಂಡು, ಅದು ನಮ್ಮ ಕಡೆ ತಿರುಗಿದಾಗ ಅಪರಾಧವೆಂದು ಕರೆಯುವುದಕ್ಕೆ ನ್ಯಾಯ ಎನ್ನಬಹುದೆ?

ಇಷ್ಟೆಲ್ಲ ಯೋಚಿಸಿದವನು ಸುಧಾರಿಸಬೇಕಿತ್ತು. ಸುಧಾರಿಸಲಿಲ್ಲ. ನಾಲ್ಕು ದಿನಗಳ ನಂತರ ಬೆನ್ನಿನ ಬೆತ್ತವೂ ಹರಿದದ್ದು ಕಂಡಾಗ ಹಿತ್ತಿಲಿನಿಂದ ಗೋಣಿಚೀಲ ತಂದೆ. ಮಲಗಿದ್ದ ಸುಬ್ಬಿಯನ್ನು ಕತ್ತು ಹಿಡಿದೆತ್ತಿ ಒಳಗೆ ಹಾಕಿ ಬಾಯಿ ಸುತ್ತಿದೆ. ಇವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಡೆಯಲಿಲ್ಲ. "ಬಿಟ್ಟುಬಂದು ಆ ಕುರ್ಚೀಲಿ ನೀವೇ ಕೂತ್ಕೊಳ್ಳಿ. ನಾನಂತೂ ಆ ಕೋಣೆಗೆ ಕಾಲಿಡೋದಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಚೀಲವನ್ನೆತ್ತಿ ಗೇಟಿನ ತನಕ ಹೋದೆ. ಗೋಣಿಯ ನೂಲುಗಳ ನಡುವಿನಿಂದ ನಾಲ್ಕು ಉಗುರುಗಳು ಹೊರಗೆ ಬಂದು ನನ್ನ ಪಂಚೆಗೆ ಸಿಕ್ಕಿಕೊಂಡವು. ಅವನ್ನು ಬಿಡಿಸಲು ಬಗ್ಗಿದವನಿಗೆ, ಇದೇ ಕೆಲಸವನ್ನು ಹಿಂದೊಮ್ಮೆ ಮಾಡಿದ್ದೇನೆ ಎನ್ನಿಸಿತು. ಎನ್ನಿಸಿದ್ದಲ್ಲ, ಮಾಡಿದ್ದೆ.

1966. ನನಗೆ ಹತ್ತು ವರ್ಷ. ಮನೆಯಲ್ಲಿ ಒಂದು ಬೂದು ಬಣ್ಣದ ಬೆಕ್ಕಿತ್ತು. ಒಂದು ಬೆಳಿಗ್ಗೆ ಅಪ್ಪಯ್ಯ ಚೀಲದ ಬಾಯಿಗೆ ಬಾಳೆಪಟ್ಟೆಯ ದಾರ ಕಟ್ಟಿ ನನ್ನ ಕೈಗೆ ಕೊಟ್ಟು, "ದೋಣಿಯಲ್ಲಿ ದಾಟಿ ಆಚೆ ಬಿಟ್ಟು ಬಾ. ಚೀಲ ವಾಪಸ್ ತಾ" ಎಂದರು. ದೊಡ್ಡವರ ಕೆಲಸ ನನ್ನ ಪಾಲಿಗೆ ಬಂದದ್ದು ಅದೇ ಮೊದಲು. ತುಂಗೆ ದಾಟುವಾಗ ಎದೆ ಸೆಟೆಸಿಕೊಂಡೇ ಕೂತಿದ್ದೆ. ಚೀಲ ತೊಡೆಯ ಮೇಲೆ ಬೆಚ್ಚಗಿತ್ತು. ಉಗುರುಗಳು ಚಡ್ಡಿಯ ಅಂಚಿಗೆ ಸಿಕ್ಕಿಕೊಳ್ಳುತ್ತಿದ್ದವು. ಒಂದೊಂದಾಗಿ ಬಿಡಿಸುತ್ತಿದ್ದೆ. ಆಚೆ ದಡದಲ್ಲಿ ಚೀಲ ಬಿಚ್ಚಿದಾಗ ಅದು ಓಡಲಿಲ್ಲ. ಮರಳಿನ ಮೇಲೆ ಕೂತು ನನ್ನ ಮುಖ ನೋಡಿತು. ನಾನೇ ಓಡಿಬಂದು ದೋಣಿ ಹತ್ತಿದೆ. ದಾಟುವಾಗ ತಿರುಗಿ ನೋಡಿದರೆ ಅದು ನೀರಿನ ಅಂಚಿನ ತನಕ ಬಂದಿತ್ತು. ಮನೆಗೆ ಬಂದು ಚೀಲ ಒಪ್ಪಿಸಿದೆ. ಅಮ್ಮ ಮೂರು ನಾಲ್ಕು ದಿನ ಹಿತ್ತಿಲ ಬಾಗಿಲಲ್ಲಿ ಗರಟೆಯಲ್ಲಿ ಹಾಲು ಇಡುತ್ತಿದ್ದಳು. ಆಮೇಲೆ ನಿಲ್ಲಿಸಿದಳು.

ಅಪ್ಪಯ್ಯ ಕ್ರೂರಿಯಲ್ಲ. ಉಳುವಾಗ ಎತ್ತಿಗೆ ಬಾರುಕೋಲು ತಾಗಿಸುತ್ತಿರಲಿಲ್ಲ. ಕರು ಕುಡಿದು ಮಿಕ್ಕ ಹಾಲನ್ನೇ ಕರೆಯಬೇಕೆಂದು ಹಟ ಹಿಡಿಯುತ್ತಿದ್ದರು. ಪುಣ್ಯಕೋಟಿಯ ಹಾಡು ಅಕ್ಕ ಹೇಳುತ್ತಿದ್ದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು, ಕಣ್ಣು ಒರೆಸಿಕೊಳ್ಳುವುದು ಕಾಣದಿರಲೆಂದು. ಅಂಥವರು ಬೆಕ್ಕನ್ನು ಕೊಲ್ಲುವ ಮಾತೇ ಇಲ್ಲ. ನಮ್ಮಲ್ಲಿ ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆನ್ನುತ್ತಾರೆ. ಆದರೆ ಬಿಟ್ಟುಬಂದರೆ ಎಷ್ಟು ತೂಕದ ದಾನವೆಂದು ಯಾರೂ ಹೇಳಿಲ್ಲ. ಅದಕ್ಕೆ ಪ್ರಾಯಶ್ಚಿತ್ತವೇ ಇಲ್ಲ, ಏಕೆಂದರೆ ಅದು ಪಾಪವೇ ಅಲ್ಲ. ಹಸಿವು ಕೊಂದರೆ ಹಸಿವಿನದು, ನಾಯಿ ಕೊಂದರೆ ನಾಯಿಯದು. ನಮ್ಮ ಕೈಯಲ್ಲಿ ಖಾಲಿ ಚೀಲ ಮಾತ್ರ. ಈ ಉಪಾಯ ಬೆಕ್ಕಿಗಷ್ಟೇ ಬಳಕೆಯಾಗುತ್ತಿದೆ ಎಂದೇನೂ ನಾನು ನಂಬಿಲ್ಲ. ವಯಸ್ಸಾದ ಹಸುಗಳನ್ನು ಎಲ್ಲಿಗೆ ಕಳಿಸಿದೆವೆಂದು ನಾವು ಕೇಳಿಕೊಳ್ಳುವುದಿಲ್ಲ. ವಯಸ್ಸಾದ ಮನುಷ್ಯರದೂ ಅಷ್ಟೇ, ಕೆಲವು ಮನೆಗಳಲ್ಲಿ. ಧರ್ಮ ಮರೆತದ್ದನ್ನು ಕಾನೂನು ನೆನಪಿಟ್ಟಿದೆ. ಪ್ರಾಣಿಹಿಂಸೆ ತಡೆಯ 1960ರ ಕಾಯಿದೆಯಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬರುವುದೂ ಅಪರಾಧವೆಂದು ಬರೆದಿದೆ. ನಾನು ದೋಣಿ ದಾಟುವ ಹೊತ್ತಿಗೆ ಆ ಕಾಯಿದೆಗೆ ಆರು ವರ್ಷ ಆಗಿತ್ತು. ನಮ್ಮ ಜಗಲಿಗೆ ಅದು ಬಂದಿರಲಿಲ್ಲ, ಅಷ್ಟೆ.

ನಾನು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ತತ್ವಶಾಸ್ತ್ರ. ಪ್ರಾಣಿಗಳು ಗಡಿಯಾರದಂಥ ಯಂತ್ರಗಳು ಎಂದ ಡೇಕಾರ್ಟ್‌ನನ್ನು ಪ್ರತಿ ವರ್ಷವೂ ಕಲಿಸುತ್ತಿದ್ದೆ. ಪ್ರಾಣಿಗೆ ಕ್ರೂರನಾದವನು ಮನುಷ್ಯರಿಗೂ ಕಲ್ಲಾಗುತ್ತಾನೆ, ಆದ್ದರಿಂದ ದಯೆ ಬೇಕು ಎಂದ ಕ್ಯಾಂಟ್‌ನನ್ನೂ ಕಲಿಸುತ್ತಿದ್ದೆ. ಅವು ಯೋಚಿಸಬಲ್ಲವೇ ಎಂಬುದು ಪ್ರಶ್ನೆಯಲ್ಲ, ನೋಯಬಲ್ಲವೇ ಎಂಬುದು ಪ್ರಶ್ನೆ ಎಂದು 1789ರ ಗ್ರಂಥದಲ್ಲಿ ವಾದಿಸಿದ ಬೆಂಥಾಮ್‌ನ ದಿನ ತರಗತಿ ತುಂಬಿರುತ್ತಿತ್ತು. ಹಿಂದಿನ ಬೆಂಚಿನವನೊಬ್ಬ ಎದ್ದು, "ಸೊಳ್ಳೆ ಸಾರ್?" ಎಂದು ಕೇಳುವುದೂ ಪ್ರತಿ ವರ್ಷದ ಪದ್ಧತಿ. ಮೇಲುಕೋಟೆಯ ಕಡೆಯ ವಿದ್ಯಾರ್ಥಿಗಳಿದ್ದರೆ ಶ್ರೀವೈಷ್ಣವರ ಮಾರ್ಜಾಲ ನ್ಯಾಯದ ಮಾತೂ ಬರುತ್ತಿತ್ತು. ಮರಿಕೋತಿ ತಾನೇ ತಾಯಿಯನ್ನು ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಒಯ್ಯುತ್ತದೆ. ದೇವರ ಕೃಪೆಯೂ ಹಾಗೆ ಎನ್ನುವುದು ತೆಂಗಲೆಯವರ ವಾದ. ಇಷ್ಟೆಲ್ಲ ಹೇಳುತ್ತಿದ್ದಾಗ ಒಂದು ಸಲವಾದರೂ ಆ ಗೋಣಿಚೀಲ ನನಗೆ ನೆನಪಾಗಬೇಕಿತ್ತು. ಆಗಲಿಲ್ಲ. ಟಿಪ್ಪಣಿ ಪುಸ್ತಕದ ಬೆಕ್ಕೇ ಬೇರೆ, ನಮ್ಮ ಮನೆಯ ಬೆಕ್ಕೇ ಬೇರೆ ಎಂಬಂತೆ ಬದುಕಿದೆ.

ಗೇಟಿನ ಬಳಿಯೇ ಚೀಲ ಬಿಚ್ಚಿದೆ. ಸುಬ್ಬಿ ಹೊರಬಂದು, ಮೈ ನೆಕ್ಕಿಕೊಂಡು, ನನ್ನ ಮುಂದೆಯೇ ನಡೆದು ಮನೆಯೊಳಗೆ ಹೋದಳು. ಮೂರು ದಿನ ನನ್ನ ಹತ್ತಿರ ಸುಳಿಯಲಿಲ್ಲ. ನಾಲ್ಕನೆಯ ದಿನ ನಸುಕಿಗೆ ಎಂದಿನಂತೆ ಬಂದು ಕೆನ್ನೆಯ ಮೇಲೆ ಪಂಜ ಇಟ್ಟಳು. ಪಂಜ ಹತ್ತಿಯ ಹಾಗಿತ್ತು, ಉಗುರೆಲ್ಲ ಒಳಗೆ. ಅವಳಿಗೆ ಕೆನ್ನೆಗೂ ಕುರ್ಚಿಗೂ ವ್ಯತ್ಯಾಸ ಗೊತ್ತು. ಕುರ್ಚಿಗೂ ಮರದ ತುಂಡಿಗೂ ಇರುವ ವ್ಯತ್ಯಾಸ ಮಾತ್ರ ಗೊತ್ತಿಲ್ಲ. ಅದು ಗೊತ್ತಾಗಬೇಕಾದರೆ ನಮ್ಮಪ್ಪಯ್ಯನ ಪರಿಚಯ ಇರಬೇಕು.

ಊರಿನಿಂದ ಅಡಿಕೆಮರದ ತುಂಡೊಂದನ್ನು ತರಿಸಿದೆ. ಅದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿದೆ. ಮೊದಲ ಸಲ ಅದನ್ನು ಹಲಗೆಗೆ ಸರಿಯಾಗಿ ಜೋಡಿಸಿರಲಿಲ್ಲ. ಸುಬ್ಬಿ ಕೈ ಹಾಕಿದ ಕೂಡಲೇ ಅವಳ ಮೇಲೆಯೇ ಉರುಳಿತು. ಆಮೇಲೆ ಅದನ್ನು ಕಂಡರೆ ಸುತ್ತುಹಾಕಿ ಹೋಗುತ್ತಿದ್ದಳು. ಬಡಗಿಯನ್ನು ಕರೆಸಿ ಅಗಲವಾದ ಹಲಗೆಗೆ ಅಲ್ಲಾಡದಂತೆ ಬಡಿಸಿದೆ. ಆದರೆ ನೋಡಲು ಚೆನ್ನಾಗಿಲ್ಲವೆಂದು ಅಕ್ಕಿ ಕೋಣೆಯಲ್ಲಿಟ್ಟೆ. ಅಲ್ಲಿ ಅವಳಿಗೆ ಅದರ ಅಗತ್ಯ ಬೀಳಲಿಲ್ಲ. ಬೆಕ್ಕು ಮೈಮುರಿಯುವುದು ಎದ್ದ ಜಾಗದಲ್ಲಿ, ಅಲ್ಲಿಂದ ಎರಡು ಕೋಣೆ ದಾಟಿ ಹೋಗಿ ಅಲ್ಲ. ಕೊನೆಗೆ ಬಂದವರಿಗೆಲ್ಲ ಕಾಣುವಂತೆ, ಕುರ್ಚಿಯ ಪಕ್ಕಕ್ಕೇ ತಂದಿಟ್ಟೆ. ಅವಳು ಪೂರ್ತಿ ಚಾಚಿದಾಗ ತಲುಪುವಷ್ಟು ಎತ್ತರ ಅದಕ್ಕಿತ್ತು. ಎರಡು ವಾರದಲ್ಲಿ ಅದಕ್ಕೆ ಒಗ್ಗಿದಳು. ಹದಿನೈದು ದಿನಕ್ಕೊಮ್ಮೆ ಇವಳು ಅವಳನ್ನು ತೊಡೆಯ ಮೇಲೆ ಹಿಡಿದುಕೊಳ್ಳುತ್ತಾಳೆ. ನಾನು ಕನ್ನಡಕ ಏರಿಸಿ, ಒಳಗಿನ ನಸುಗೆಂಪು ಭಾಗಕ್ಕೆ ತಾಗದಂತೆ ಉಗುರಿನ ತುದಿ ಕತ್ತರಿಸುತ್ತೇನೆ. ಕುರ್ಚಿ ಪೂರ್ತಿ ಪಾರಾಯಿತೆಂದು ಹೇಳಲಾರೆ. ಮಳೆಗಾಲದಲ್ಲಿ, ಬೇಸರವಾದಾಗ, ಒಮ್ಮೊಮ್ಮೆ ಹಳೆಯ ರುಚಿ ನೆನಪಾಗುತ್ತದೆ ಅವಳಿಗೆ.

ಹರಿದ ಬೆತ್ತ ಹೆಣೆಸಬೇಕಿತ್ತು. ಹುಡುಕಿ ಹುಡುಕಿ ಒಬ್ಬರು ಸಿಕ್ಕರು. ಎಪ್ಪತ್ತು ದಾಟಿದವರು, ಹುಟ್ಟಿನಿಂದ ಕಣ್ಣಿಲ್ಲ. ಅಂಧರ ಶಾಲೆಯಲ್ಲಿ ಈ ಕೆಲಸ ಕಲಿತವರು. ಕಚೇರಿಗಳಲ್ಲಿ ಬೆತ್ತದ ಕುರ್ಚಿಗಳು ಇದ್ದ ಕಾಲದಲ್ಲಿ ಕೈತುಂಬ ಕೆಲಸವಿತ್ತಂತೆ. ಮೊಮ್ಮಗನ ಹೆಗಲು ಹಿಡಿದು ಬಂದರು. ನೆನೆಸಿದ ಬೆತ್ತದ ಎಳೆಗಳನ್ನು ಒಂದೊಂದೇ ರಂಧ್ರದಲ್ಲಿ ತೂರಿಸಿ, ಮರದ ಚಿಕ್ಕ ಬೆಣೆ ಬಡಿದು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎಳೆಯುತ್ತ ಎರಡು ದಿನ ಕೂತರು. ಶುರುಮಾಡುವ ಮೊದಲು ಕುರ್ಚಿಯನ್ನು ಅಂಗುಲ ಅಂಗುಲವಾಗಿ ಸವರಿ ನೋಡಿದರು. ಹಿಂಗಾಲಿನ ಮೇಲೆ ಕೈ ನಿಂತಿತು.

"ಬೆಕ್ಕು ಸಾಕಿದೀರಿ" ಎಂದರು.

"ಹೌದು. ಎಲ್ಲ ಹಾಳು ಮಾಡಿಟ್ಟಿದೆ."

"ಈಗಿನದು ಮಾತ್ರ ಅಲ್ಲ ಮೇಷ್ಟ್ರೇ" ಎಂದು ಅವರು ನನ್ನ ಕೈ ಹಿಡಿದು ಕೆಳಗೆ ಒಯ್ದರು. "ಇವು ನೋಡಿ, ಅಂಚು ಚುಚ್ಚುತ್ತೆ, ಹೊಸದು. ಇಲ್ಲಿ, ಇನ್ನೂ ಕೆಳಗೆ, ಅಂಚೆಲ್ಲ ನುಣ್ಣಗಾಗಿದೆ. ಮೇಲೆ ಪಾಲಿಶ್ ಕೂತಿದೆ. ಇದು ಬಹಳ ಹಳೇ ಬೆಕ್ಕು."

ನಾನು ಕಣ್ಣು ಮುಚ್ಚಿಕೊಂಡು ಮುಟ್ಟಿದೆ. ನಾಲ್ಕು ಗೀರುಗಳು, ಸಮಾನಾಂತರವಾಗಿ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ಕುರ್ಚಿಯನ್ನು ಒರೆಸಿದ್ದೇನೆ, ಎಣ್ಣೆ ಹಚ್ಚಿದ್ದೇನೆ. ನನಗೆ ಕಂಡಿರಲಿಲ್ಲ. ಬೂದುಬೆಕ್ಕು ಹಾಲು ಕದ್ದದ್ದಕ್ಕೆ ಹೋಯಿತೆಂದೇ ಇಷ್ಟು ವರ್ಷ ತಿಳಿದಿದ್ದೆ. ಯಾರು ಹೇಳಿದ್ದರೋ, ನಾನೇ ಹಾಗೆ ಅಂದುಕೊಂಡೆನೋ.

ಆ ರಾತ್ರಿ ಅಕ್ಕನಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, "ಅಕ್ಕ, ನಾನು ಚಿಕ್ಕವನಿದ್ದಾಗ ಹೊಳೆ ಆಚೆ ಬಿಟ್ಟು ಬಂದೆನಲ್ಲ, ಆ ಬೆಕ್ಕು, ಅದು ಅಪ್ಪಯ್ಯನ ಕುರ್ಚಿ ಪರಚಿತ್ತಾ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಯಾವ ಬೆಕ್ಕು ಮಾರಾಯ? ಬಿಟ್ಟದ್ದು ಒಂದಾ ಎರಡಾ?" ಎಂದಳು. ಆಮೇಲೆ ಅಡಿಕೆ ಧಾರಣೆಯ ಮಾತು ತೆಗೆದಳು.

ಈ ವರ್ಷ ಮಳೆ ಹಿಡಿಯುವ ಮೊದಲು ಕಂಬದ ಹಗ್ಗ ಸವೆದು ಎಳೆ ಎಳೆಯಾಗಿತ್ತು. ಗಾಂಧಿಬಜಾರಿನಲ್ಲಿ ಹಗ್ಗದ ಅಂಗಡಿಗೆ ಹೋಗಿ ಹತ್ತು ಮಾರು ಕೇಳಿದೆ. ಅಂಗಡಿಯಾತ ಅಳೆಯುತ್ತ, "ಬಾವಿಗಾ ಸಾರ್?" ಎಂದ.

"ಅಲ್ಲ, ಬೆಕ್ಕಿಗೆ."

ಅವನ ಕೈ ಅರ್ಧಕ್ಕೇ ನಿಂತಿತು. "ಕಟ್ಟೋದಕ್ಕಾ?"

"ಪರಚೋದಕ್ಕೆ" ಎಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿ, ಇನ್ನೊಂದು ಮಾರು ಹೆಚ್ಚಿಗೆ ಅಳೆದು, ಸುತ್ತಿ ಕೊಟ್ಟ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.